ರೇಷ್ಮೆಯ ಎಳೆಯೂ ಗಣಕದ ಲೆಕ್ಕವೂ

ಶಿಡ್ಲಘಟ್ಟವೆಂದೊಡನೆ ಕನ್ನಡಿಗರ ಮನಸ್ಸಿಗೆ ಹೊಳೆಯುವುದು ರೇಷ್ಮೆ. ಹಿಪ್ಪುನೇರಳೆಯ ತೋಟ, ಹುಳು ಸಾಕುವ ಮನೆ, ಚಂದ್ರಂಕಿ, ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ರಾಟೆ, ಇವೆಲ್ಲ ಇಲ್ಲಿಯ ಜನಜೀವನದಲ್ಲಿ ಹಾಸುಹೊಕ್ಕಾಗಿ ಸೇರಿವೆ. ಗಣಕಯಂತ್ರವಾದರೋ ಬೆಂಗಳೂರಿನ ಎತ್ತರದ ಕಟ್ಟಡಗಳಿಗೆ ಸೇರಿದ ವಸ್ತುವೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಗಣಕಶಾಸ್ತ್ರದ ಒಂದು ಮೂಲಬೇರು ರೇಷ್ಮೆಯ ಮಗ್ಗದಲ್ಲಿಯೇ ಇದೆ; ಅದರ ಇಂದಿನ ಫಲವು ನಮ್ಮ ಗೂಡಿನ ಮಾರುಕಟ್ಟೆಗೂ ಬಂದು ತಲುಪಿದೆ.

ರಂಧ್ರದಿಂದ ಅಂಕಿಗೆ

ಫ್ರಾನ್ಸ್ ದೇಶದ ಲಿಯಾನ್ ನಗರವು ರೇಷ್ಮೆ ನೇಯ್ಗೆಗೆ ಹೆಸರಾದುದು. ಅಲ್ಲಿಯ ಜೋಸೆಫ್ ಮರಿ ಜಕಾರ್ಡ್ ಎಂಬಾತನು 1804ರ ಸುಮಾರಿಗೆ ಒಂದು ಮಗ್ಗವನ್ನು ರೂಪಿಸಿದನು. ಅದರಲ್ಲಿ ರಟ್ಟಿನ ಹಲಗೆಗಳ ಮೇಲೆ ರಂಧ್ರಗಳನ್ನು ಕೊರೆದು ಸಾಲಾಗಿ ಪೋಣಿಸಲಾಗುತ್ತಿತ್ತು. ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ. ಇಲ್ಲದೆಡೆ ಕೆಳಗೇ ಉಳಿಯುತ್ತದೆ. ಈ ಎರಡೇ ಸ್ಥಿತಿಗಳಿಂದ ಎಂತಹ ಹೂಬಳ್ಳಿಯನ್ನಾದರೂ ನೇಯಬಹುದು. 1839ರಲ್ಲಿ ಜಕಾರ್ಡನ ಭಾವಚಿತ್ರವನ್ನೇ ಸುಮಾರು 24,000 ಹಲಗೆಗಳ ನೆರವಿನಿಂದ ರೇಷ್ಮೆಯಲ್ಲಿ ನೇಯ್ದರು. ಗಣಕದ ಪಿತಾಮಹನೆನಿಸಿದ ಚಾರ್ಲ್ಸ್ ಬ್ಯಾಬೇಜನ ಬಳಿ ಅದರ ಒಂದು ಪ್ರತಿ ಇದ್ದಿತು. ತಾನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೆ ಆದೇಶ ಕೊಡಲು ಅವನು ಆರಿಸಿಕೊಂಡದ್ದೂ ಇಂತಹ ಹಲಗೆಗಳನ್ನೇ.

ಇಂದಿನ ಗಣಕದಲ್ಲಿ ರಟ್ಟಿಲ್ಲ, ರಂಧ್ರವಿಲ್ಲ. ವಿದ್ಯುತ್ತಿನ ಎರಡು ಸ್ಥಿತಿಗಳಿವೆ. ಅವನ್ನು 1 ಮತ್ತು 0 ಎಂದು ಬರೆಯುತ್ತೇವೆ. ಅಕ್ಷರವೂ ಅದರ ಪಾಲಿಗೆ ಒಂದು ಸಂಖ್ಯೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತದಲ್ಲಿ ಕನ್ನಡದ 'ಕ' ಅಕ್ಷರಕ್ಕೆ ದೊರೆತ ಸಂಖ್ಯೆ 3221. ಜಗತ್ತಿನ ಯಂತ್ರಗಳೆಲ್ಲ ಈ ಒಂದು ಸಂಖ್ಯೆಗೆ ಒಪ್ಪಿದುದರಿಂದಲೇ ಇಲ್ಲಿ ಬರೆದ ಕನ್ನಡ ಅಮೆರಿಕದಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ.

ಕ್ರಮವಿಧಿ

ಒಂದು ಕೆಲಸವನ್ನು ತಪ್ಪದಂತೆ ಮುಗಿಸಲು ಹಾಕಿಕೊಟ್ಟ ಮೆಟ್ಟಿಲುಗಳ ಸಾಲಿಗೆ ಕ್ರಮವಿಧಿಯೆಂದು ಹೆಸರು. ಮಾರುಕಟ್ಟೆಯಲ್ಲಿ ಒಂದು ಲಾಟಿಗೆ 30 ಮಂದಿ ಬೆಲೆ ಕೂಗಿದರೆಂದು ಭಾವಿಸೋಣ. ಅತಿ ಹೆಚ್ಚಿನದನ್ನು ಕಂಡುಕೊಳ್ಳಲು ಎಲ್ಲ ಬೆಲೆಗಳನ್ನೂ ಏರಿಳಿತದ ಕ್ರಮದಲ್ಲಿ ಜೋಡಿಸಬೇಕಾಗಿಲ್ಲ. ಮೊದಲ ಬೆಲೆಯನ್ನು ನೆನಪಿನಲ್ಲಿಟ್ಟು, ಮುಂದಿನದು ಅದಕ್ಕಿಂತ ಹೆಚ್ಚಾದರೆ ಮಾತ್ರ ಬದಲಿಸುತ್ತ ಹೋದರೆ 29 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಇನ್ನು 1000 ಹೆಸರುಗಳು ಅಕಾರಾದಿಯಾಗಿರುವ ಪಟ್ಟಿಯಲ್ಲಿ ಒಬ್ಬ ರೈತನ ಹೆಸರನ್ನು ಹುಡುಕಬೇಕಾದರೆ, ನಡುವಿನ ಹೆಸರನ್ನು ನೋಡಿ ಅರ್ಧ ಪಟ್ಟಿಯನ್ನು ಬಿಟ್ಟುಬಿಡುತ್ತ ಹೋಗಬಹುದು. ಹೆಚ್ಚೆಂದರೆ 10 ನೋಟಗಳು ಸಾಕು. ಯಂತ್ರದ ವೇಗಕ್ಕಿಂತ ವಿಧಿಯ ಜಾಣ್ಮೆ ದೊಡ್ಡದೆಂಬುದು ಇದರಿಂದ ವಿದಿತವಾಗುತ್ತದೆ.

ಜಾಲ

ಹಿಂದೆ ಬೆಲೆಯನ್ನು ಬಾಯಿಂದ ಕೂಗುತ್ತಿದ್ದರು. ಇ-ಹರಾಜು ಬಂದ ಮೇಲೆ ರೀಲರುಗಳು ಮೊಬೈಲ್ ಫೋನಿನಿಂದ ಬೆಲೆ ಕಳುಹುತ್ತಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಅವಕಾಶ ರೈತನಿಗುಂಟು. ಫೋನಿನಿಂದ ಹೊರಟ ಸಂದೇಶವು ಸಣ್ಣ ಸಣ್ಣ ಪೊಟ್ಟಣಗಳಾಗಿ ಜಾಲದಲ್ಲಿ ಸಾಗುತ್ತದೆ. ಪ್ರತಿಯೊಂದರ ಮೇಲೂ ತಲುಪಬೇಕಾದ ವಿಳಾಸವಿರುತ್ತದೆ. ಬಿಡಿ ಭಾಗಗಳನ್ನು ಮತ್ತೆ ಜೋಡಿಸಲು ಕ್ರಮಸಂಖ್ಯೆಯೂ ಇರುತ್ತದೆ. ದಾರಿಯಲ್ಲಿ ಕಳೆದುಹೋದುದನ್ನು ಮರಳಿ ಕಳುಹುವ ಕಟ್ಟಳೆಯೂ ಉಂಟು. ಕಳುಹುವವರೂ ಪಡೆಯುವವರೂ ಮುಂಚಿತವಾಗಿ ಒಪ್ಪಿದ ಇಂತಹ ಕಟ್ಟಳೆಗಳೇ ಜಾಲದ ಜೀವಾಳ. ಅಮೆರಿಕದ ಅರ್ಪಾನೆಟ್ ಎಂಬ ಜಾಲವು 1983ರ ಜನವರಿ 1ರಂದು ಅಂಗೀಕರಿಸಿದ ಟಿಸಿಪಿ/ಐಪಿ ಕಟ್ಟಳೆಯೇ ಇಂದಿಗೂ ಅಂತರಜಾಲದ ತಳಹದಿ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಂದು.

ತಂತ್ರಾಂಶದ ಹೊಣೆ

ಇಲ್ಲಿ ಕಠಿಣ ಪ್ರಶ್ನೆಗಳು ಏಳುತ್ತವೆ. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಬೆಲೆ ಕಳುಹಿಸಿದರೆ ಲಾಟು ಯಾರಿಗೆ? ಹರಾಜು ಮುಗಿಯುವ ಕ್ಷಣವನ್ನು ಯಾರ ಗಡಿಯಾರ ನಿರ್ಣಯಿಸಬೇಕು? ರೈತನ ಖಾತೆಗೆ ಹಣ ಕಳುಹಿಸುವ ಆದೇಶ ಹೊರಟು, ಉತ್ತರ ಬರುವ ಮುನ್ನ ಸಂಪರ್ಕ ಕಡಿದರೆ, ಹಣ ಹೋಯಿತೋ ಇಲ್ಲವೋ? ಮತ್ತೆ ಕಳುಹಿಸಿದರೆ ಎರಡು ಬಾರಿ ಸಂದಾಯವಾದೀತು. ಕಳುಹದಿದ್ದರೆ ರೈತ ಬರಿಗೈಯಲ್ಲಿ ಮನೆಗೆ ಹೋದಾನು. ಇದಕ್ಕೆ ತಂತ್ರಾಂಶ ನಿಪುಣರು ಕಂಡುಕೊಂಡ ಪರಿಹಾರ ಸರಳವಾದುದು: ಪ್ರತಿ ವ್ಯವಹಾರಕ್ಕೂ ಬೇರೆಬೇರೆ ಸಂಖ್ಯೆ ಕೊಡುವುದು. ಅದೇ ಸಂಖ್ಯೆ ಮತ್ತೆ ಬಂದರೆ ಯಂತ್ರವು ಹೊಸ ಸಂದಾಯ ಮಾಡದೆ ಹಳೆಯ ಉತ್ತರವನ್ನೇ ಹೇಳುತ್ತದೆ.

ಇಂತಹ ಸಂದರ್ಭಗಳನ್ನು ಮುಂಚಿತವಾಗಿ ಊಹಿಸಿ, ವಿಧಿಸಿ, ಪರೀಕ್ಷಿಸಿ ನೋಡುವುದೇ ತಂತ್ರಾಂಶ ನಿರ್ಮಾಣದ ಸಾರ. ಎಲ್ಲವೂ ಸುಸೂತ್ರವಾದ ದಿನ ನಡೆಯುವಂತೆ ಬರೆಯುವುದು ಸುಲಭ; ಕೆಟ್ಟ ದಿನವೂ ಯಾರಿಗೂ ಅನ್ಯಾಯವಾಗದಂತೆ ಬರೆಯುವುದು ಕಷ್ಟ. ಗೂಡಿನ ವಿಷಯದಲ್ಲಂತೂ ತಪ್ಪಿಗೆ ತೆರಬೇಕಾದ ಬೆಲೆ ಹೆಚ್ಚು. ಒಂದು ಬೆಳೆಯೆಂದರೆ ಮನೆಮಂದಿಯೆಲ್ಲರ ಸುಮಾರು ಒಂದು ತಿಂಗಳ ದುಡಿಮೆ. ಅದನ್ನು ಬಹುಕಾಲ ಇಟ್ಟುಕೊಳ್ಳುವಂತೆಯೂ ಇಲ್ಲ; ಚಿಟ್ಟೆ ಹೊರಬಂದರೆ ಎಳೆ ತುಂಡಾಗಿ ಗೂಡು ಬಿಚ್ಚಲು ಬಾರದಾಗುತ್ತದೆ.

ಗಣಕಯಂತ್ರಕ್ಕೆ ಪಕ್ಷಪಾತವಿಲ್ಲವೆನ್ನುವುದು ವಾಡಿಕೆ. ಅದಕ್ಕೆ ಕರುಣೆಯೂ ಇಲ್ಲ, ವಿವೇಕವೂ ಇಲ್ಲವೆಂಬುದನ್ನು ಮರೆಯಲಾಗದು. ಹೇಳಿದಷ್ಟನ್ನೇ ಅದು ಮಾಡುತ್ತದೆ. ಹೇಳದೆ ಬಿಟ್ಟುದರ ಹೊಣೆ ಮನುಷ್ಯನದು.

ಆದುದರಿಂದ ಶಾಲೆಗಳಲ್ಲಿ ಮಕ್ಕಳಿಗೆ ಗುಂಡಿ ಒತ್ತುವುದನ್ನು ಕಲಿಸಿದರಷ್ಟೇ ಸಾಲದು. ದಾನಿಗಳ ಔದಾರ್ಯದಿಂದ ಯಂತ್ರಗಳು ಬರಬಹುದು. ಅವುಗಳಿಗೆ ಹೇಳಬೇಕಾದುದನ್ನು ಯೋಚಿಸುವ ಶಕ್ತಿ ಉಪಾಧ್ಯಾಯರಿಂದ ಬರಬೇಕು. ವಿದ್ಯಾರ್ಥಿಗಳನ್ನು ಒಂದು ಮುಂಜಾನೆ ಗೂಡಿನ ಮಾರುಕಟ್ಟೆಗೆ ಕರೆದೊಯ್ದು, ಹರಾಜಿನ ನಿಯಮಗಳನ್ನು ಒಂದೂ ಬಿಡದೆ ಕನ್ನಡದಲ್ಲಿ ಬರೆಯಲು ಹೇಳಿದರೆ ಅದೇ ಗಣಕಶಾಸ್ತ್ರದ ಉತ್ತಮವಾದ ಮೊದಲ ಪಾಠವಾಗುತ್ತದೆ. ಅದಕ್ಕೆ ಖರ್ಚಾಗುವುದು ಒಂದು ಹಾಳೆ, ಒಂದು ಲೇಖನಿ. ಕಾಯಕದಲ್ಲಿ ಶುದ್ಧಿಯಿರಬೇಕೆಂದು ಶರಣರು ಬಾಳಿ ತೋರಿದರು. ಯಂತ್ರಕ್ಕೆ ಆದೇಶ ಬರೆಯುವುದೂ ಇಂದು ಒಂದು ಕಾಯಕವೇ. ಆ ಶುದ್ಧಿ ಅಲ್ಲಿಯೂ ಸಲ್ಲಬೇಕು.