ಕೆಂಪು ತೋಳದ ವಂಶರಕ್ಷಣೆ: ಸಂರಕ್ಷಣೆಯಲ್ಲಿ ಬೆಳೆಸಿ ಕಾಡಿಗೆ ಬಿಡುವ ಕ್ರಮ

ಒಂದು ತಳಿಯ ಬಿತ್ತನೆ ಬೀಜ ಪೂರ್ತಿ ನಷ್ಟವಾದರೆ ಅದನ್ನು ಮತ್ತೆ ಪಡೆಯುವ ದಾರಿ ಇರುವುದಿಲ್ಲ. ಕೊನೆಗೆ ಒಂದು ಹಿಡಿ ಬೀಜ ಉಳಿದಿದ್ದರೂ, ಬೆರಕೆಯಾಗದಂತೆ ಎಚ್ಚರ ವಹಿಸಿ ಅದನ್ನು ಹೆಚ್ಚಿಸಿಕೊಳ್ಳಬಹುದು. ಕಾಡುಪ್ರಾಣಿಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಳಿವಿನ ಅಂಚಿಗೆ ಬಂದ ಕೆಂಪು ತೋಳವನ್ನು ಉಳಿಸಲು ನಡೆದಿರುವ ಪ್ರಯತ್ನ ಇದಕ್ಕೆ ಉತ್ತಮ ಉದಾಹರಣೆ. ಈ ತೋಳಗಳನ್ನು ಬಿಟ್ಟಿರುವುದು ಹೊಲಗದ್ದೆಗಳ ನಡುವಿನ ಪ್ರದೇಶದಲ್ಲಾದುದರಿಂದ ರೈತರು ಇದನ್ನು ತಿಳಿಯುವುದು ಉಪಯುಕ್ತ.

ಪ್ರಾಣಿಯ ಪರಿಚಯ

ಕೆಂಪು ತೋಳವು ನಮ್ಮ ಒಣಭೂಮಿಯಲ್ಲಿ ಕುರಿಗಾಹಿಗಳು ಕಾಣುವ ಬೂದು ತೋಳಕ್ಕಿಂತ ಬೇರೆಯಾದ ಜಾತಿ. ಕಿವಿಯ ಹಿಂಭಾಗ, ಕತ್ತು ಮತ್ತು ಕಾಲುಗಳಲ್ಲಿ ಕೆಂಪು ಛಾಯೆ ಇರುತ್ತದೆ. ತೂಕ ಸುಮಾರು 20ರಿಂದ 36 ಕಿಲೋಗ್ರಾಂ. ಜಿಂಕೆ, ರಕೂನ್, ಮೊಲ ಮತ್ತು ಜೌಗುಭೂಮಿಯ ದಂಶಕಗಳು ಇದರ ಮುಖ್ಯ ಆಹಾರ. ವರ್ಷಕ್ಕೊಮ್ಮೆ, ಚಳಿಗಾಲದ ಕೊನೆಯಲ್ಲಿ ಬೆದೆಗೆ ಬರುತ್ತದೆ. ಗರ್ಭಧಾರಣೆಯ ಅವಧಿ ಸುಮಾರು 63 ದಿನ. ಏಪ್ರಿಲ್–ಮೇ ತಿಂಗಳಲ್ಲಿ ಮರಿ ಹಾಕುತ್ತದೆ.

ಒಂದು ಕಾಲಕ್ಕೆ ಅಮೆರಿಕದ ಆಗ್ನೇಯ ಭಾಗದಲ್ಲೆಲ್ಲ ಹರಡಿದ್ದ ಈ ಪ್ರಾಣಿ, ಕಾಡು ಕಡಿದುದರಿಂದಲೂ ಹಿಂಸ್ರಪ್ರಾಣಿಗಳ ನಿರ್ಮೂಲನ ಕಾರ್ಯಕ್ರಮಗಳಿಂದಲೂ ಟೆಕ್ಸಾಸ್ ಮತ್ತು ಲೂಸಿಯಾನಾ ರಾಜ್ಯಗಳ ಕರಾವಳಿಯ ಒಂದು ಮೂಲೆಗೆ ಸರಿಯಿತು. ಅಲ್ಲಿ ತನ್ನ ಜಾತಿಯ ಸಂಗಾತಿ ಸಿಗದೆ ಕೊಯೋಟ್ ಎಂಬ, ನಮ್ಮ ನರಿಗಿಂತ ದೊಡ್ಡದಾದ ಪ್ರಾಣಿಯೊಡನೆ ಕೂಡತೊಡಗಿತು. ಹೀಗೆ ಸಂಖ್ಯೆ ಕುಗ್ಗಿದ್ದಲ್ಲದೆ ತಳಿಯೂ ಬೆರಕೆಯಾಗುತ್ತ ಬಂದಿತು.

ಶುದ್ಧ ತಳಿಯ ಆಯ್ಕೆ

1967ರಲ್ಲಿ ಈ ತೋಳವನ್ನು ಅಳಿವಿನಂಚಿನ ಪ್ರಾಣಿಯೆಂದು ಸಾರಲಾಯಿತು. ಇದ್ದಲ್ಲಿಯೇ ಉಳಿಸುವುದು ಅಸಾಧ್ಯವೆಂದು ಕಂಡುಬಂದುದರಿಂದ, ಉಳಿದವನ್ನೆಲ್ಲ ಹಿಡಿದು ತರುವ ನಿರ್ಧಾರ ಕೈಗೊಳ್ಳಲಾಯಿತು. 1973ರಿಂದ 1980ರವರೆಗೆ 400ಕ್ಕೂ ಹೆಚ್ಚು ಪ್ರಾಣಿಗಳನ್ನು ಹಿಡಿದು ದೇಹದ ಅಳತೆ, ತಲೆಬುರುಡೆಯ ಆಕಾರ ಮತ್ತು ಕೂಗನ್ನು ಪರೀಕ್ಷಿಸಲಾಯಿತು. ಇವುಗಳಲ್ಲಿ 43ನ್ನು ಮಾತ್ರ ಸಂವರ್ಧನೆಗಾಗಿ ಕಳುಹಿಸಲಾಯಿತು. ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದ ಪಾಯಿಂಟ್ ಡಿಫೈಯನ್ಸ್ ಮೃಗಾಲಯವು ಈ ಕಾರ್ಯದ ಕೇಂದ್ರವಾಯಿತು.

ಮುಂದಿನ ಪರೀಕ್ಷೆ ಬೀಜದ ಶುದ್ಧತೆಯನ್ನು ಬೆಳೆಸಿ ನೋಡುವ ಪರೀಕ್ಷೆಯನ್ನೇ ಹೋಲುತ್ತದೆ. ಕಣ್ಣಿಗೆ ಶುದ್ಧವೆಂದು ಕಂಡ ಜೋಡಿಯ ಮರಿಗಳಲ್ಲಿ ಬೆರಕೆ ಲಕ್ಷಣ ಕಂಡರೆ ಆ ಜೋಡಿಯನ್ನು ಕೈಬಿಡಲಾಗುತ್ತಿತ್ತು. ಕೊನೆಗೆ 17 ಪ್ರಾಣಿಗಳು ಶುದ್ಧವೆಂದು ಒಪ್ಪಿಗೆಯಾದವು. ಅವುಗಳಲ್ಲಿ ಸಂತಾನ ನೀಡಿ ವಂಶಕ್ಕೆ ಮೂಲವಾದವು 14 ಮಾತ್ರ. 1977ರಲ್ಲಿ ಮೊದಲ ಮರಿಗಳು ಹುಟ್ಟಿದವು. 1980ರಲ್ಲಿ, ಕಾಡಿನಲ್ಲಿ ಕೆಂಪು ತೋಳ ಇಲ್ಲವಾಯಿತೆಂದು ಘೋಷಿಸಲಾಯಿತು.

ವಂಶಾವಳಿ ದಾಖಲೆ ಏಕೆ?

ಹದಿನಾಲ್ಕು ಪ್ರಾಣಿಗಳಿಂದ ಬಂದ ಸಂತತಿಯಲ್ಲಿ ಎಲ್ಲವೂ ಒಂದಕ್ಕೊಂದು ನೆಂಟರೇ. ಒಡಹುಟ್ಟಿದ ಗಂಡು ಹೆಣ್ಣು ಕೂಡಿದರೆ ಮರಿಯ ವಂಶವಾಹಿ ಜೋಡಿಗಳಲ್ಲಿ ಸರಾಸರಿ ಶೇಕಡ 25ರಷ್ಟು ಒಂದೇ ಮೂಲದಿಂದ ಬಂದ ಏಕರೂಪದ ಜೋಡಿಗಳಾಗುತ್ತವೆ. ಅಡಗಿದ್ದ ದೋಷಗಳು ಆಗ ಹೊರಬೀಳುತ್ತವೆ. ಒಂದೇ ಟಗರನ್ನು ಬಹುಕಾಲ ಮಂದೆಯಲ್ಲಿ ಉಳಿಸಿಕೊಂಡಾಗ ಮರಿಗಳು ಸೊರಗುವುದನ್ನು ಕುರಿ ಸಾಕುವವರು ಬಲ್ಲರು.

ಎರಡನೆಯ ತೊಂದರೆ ವೈವಿಧ್ಯದ ನಷ್ಟ. ಸಮನಾಗಿ ಸಂತಾನ ನೀಡುವ 10 ಪ್ರಾಣಿಗಳ ಗುಂಪು ಪ್ರತಿ ತಲೆಮಾರಿಗೆ ತನ್ನ ವಂಶವಾಹಿ ವೈವಿಧ್ಯದ ಶೇಕಡ 5ರಷ್ಟನ್ನು ಕಳೆದುಕೊಳ್ಳುತ್ತದೆ. 50 ಪ್ರಾಣಿಗಳಿದ್ದರೆ ನಷ್ಟ ಶೇಕಡ 1 ಮಾತ್ರ. ಆದುದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸಲಾಗುತ್ತಿದೆ.

1. ಪ್ರತಿಯೊಂದು ತೋಳದ ತಂದೆ ತಾಯಿ, ಹುಟ್ಟು ಸಾವುಗಳನ್ನು ವಂಶಾವಳಿ ಪುಸ್ತಕದಲ್ಲಿ ದಾಖಲಿಸುವುದು.
2. ಸಂತತಿಯಲ್ಲಿ ಅತಿ ಕಡಿಮೆ ನೆಂಟಸ್ತಿಕೆ ಇರುವ ಪ್ರಾಣಿಗಳಿಗೆ ಜೋಡಿ ಮಾಡುವಾಗ ಮೊದಲ ಸ್ಥಾನ ಕೊಡುವುದು.
3. ರೋಗದಿಂದ ಎಲ್ಲವೂ ಒಮ್ಮೆಲೇ ನಾಶವಾಗದಂತೆ ಹಲವು ಕಡೆ ಹಂಚಿ ಸಾಕುವುದು.
4. ಜನರ ಒಡನಾಟ ಆದಷ್ಟು ಕಡಿಮೆ ಮಾಡಿ ಮನುಷ್ಯನ ಬಗೆಗಿನ ಅಂಜಿಕೆ ಉಳಿಯುವಂತೆ ನೋಡಿಕೊಳ್ಳುವುದು.

ಕಾಡಿಗೆ ಮರಳಿಸಿದ ಬಗೆ

1987ರಲ್ಲಿ ನಾಲ್ಕು ಜೋಡಿ ತೋಳಗಳನ್ನು ಉತ್ತರ ಕ್ಯಾರೊಲಿನಾ ರಾಜ್ಯದ ಅಲಿಗೇಟರ್ ರಿವರ್ ವನ್ಯಜೀವಿ ಧಾಮದಲ್ಲಿ ಬಿಡಲಾಯಿತು. ಆಗ ಅಲ್ಲಿ ಕೊಯೋಟ್ ಇರಲಿಲ್ಲ, ಜಾನುವಾರುಗಳೂ ಕಡಿಮೆ. ಮರುವರ್ಷವೇ ಕಾಡಿನಲ್ಲಿ ಮರಿಗಳು ಹುಟ್ಟಿದವು. ಕಾಲಕ್ರಮದಲ್ಲಿ ತೋಳಗಳು ಐದು ಕೌಂಟಿಗಳಿಗೆ ಹರಡಿ, ಮುಸುಕಿನಜೋಳ ಮತ್ತು ಸೋಯಾ ಅವರೆಯ ಹೊಲಗಳಲ್ಲಿಯೂ ಸಂಚರಿಸತೊಡಗಿದವು. ಪೈರು ಎತ್ತರವಾಗಿರುವಾಗ ಹೊಲವೇ ಅವಕ್ಕೆ ಮರೆ.

2002ರಿಂದ ಇನ್ನೊಂದು ವಿಧಾನ ಬಳಕೆಗೆ ಬಂದಿತು. ಸಂರಕ್ಷಣೆಯಲ್ಲಿ ಹುಟ್ಟಿದ ಸುಮಾರು ಎರಡು ವಾರದೊಳಗಿನ ಮರಿಗಳನ್ನು, ಅದೇ ವಯಸ್ಸಿನ ಮರಿಗಳಿರುವ ಕಾಡುತೋಳದ ಬಿಲದಲ್ಲಿ ಸೇರಿಸುವುದೇ ಈ ವಿಧಾನ. ತಾಯಿ ಅವುಗಳನ್ನು ತನ್ನವೆಂದೇ ಸಾಕುತ್ತದೆ. ಮರಿಗಳು ಬೇಟೆಯನ್ನು ಕಾಡಿನಲ್ಲಿಯೇ ಕಲಿಯುತ್ತವೆ, ಹೊಸ ರಕ್ತವೂ ಸೇರಿದಂತಾಗುತ್ತದೆ.

ಬೆರಕೆ ತಡೆಯುವ ಉಪಾಯ

1990ರ ದಶಕದಲ್ಲಿ ಕೊಯೋಟ್‌ಗಳು ಈ ಪ್ರದೇಶಕ್ಕೂ ಬಂದವು. ಒಂದನ್ನು ಕೊಂದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಇದನ್ನರಿತು ಕೊಯೋಟ್‌ಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಅಲ್ಲಿಯೇ ಬಿಡಲಾಯಿತು. ಹೋರಿಗೆ ಬೀಜ ಒಡೆದರೆ ಅದರ ಸ್ವಭಾವವೇ ಬದಲಾಗುತ್ತದೆ. ಆದರೆ ವೀರ್ಯನಾಳ ಅಥವಾ ಅಂಡನಾಳವನ್ನು ಮಾತ್ರ ಕಟ್ಟಿದರೆ ಚೋದಕಗಳು ಹಾಗೆಯೇ ಉಳಿಯುತ್ತವೆ. ಆ ಕೊಯೋಟ್ ತನ್ನ ಗಡಿಯನ್ನು ಕಾಯುತ್ತದೆ, ಬೇರೆ ಕೊಯೋಟ್‌ಗಳನ್ನು ಒಳಗೆ ಬಿಡುವುದಿಲ್ಲ, ಬೆರಕೆ ಮರಿಯನ್ನೂ ಹುಟ್ಟಿಸುವುದಿಲ್ಲ. ತೋಳಗಳು ಬಂದಾಗ ಜಾಗ ಅವುಗಳ ಪಾಲಾಗುತ್ತದೆ.

ಏಳು ಬೀಳು

ಈ ಕ್ರಮಗಳಿಂದ ಕಾಡಿನ ತೋಳಗಳ ಸಂಖ್ಯೆ 2012ರ ಸುಮಾರಿಗೆ ನೂರನ್ನು ಮೀರಿತ್ತು. ಆದರೆ ಗುಂಡೇಟು ಮತ್ತು ವಾಹನಗಳ ಡಿಕ್ಕಿಯಿಂದ ಸಾವುಗಳು ಮುಂದುವರಿದವು. ಕೊಯೋಟ್ ಎಂದು ತಪ್ಪಾಗಿ ತಿಳಿದು ಹೊಡೆದುದೂ ಉಂಟು. ತಮ್ಮ ಜಮೀನಿನಲ್ಲಿ ತೋಳ ಬೇಡವೆಂದು ಕೆಲವು ಭೂಮಾಲೀಕರು ವಿರೋಧಿಸಿದರು. 2015ರಲ್ಲಿ ಹೊಸದಾಗಿ ಬಿಡುವುದು ನಿಂತಿತು. 2020ರ ವೇಳೆಗೆ ಉಳಿದವು 20ಕ್ಕಿಂತ ಕಡಿಮೆ. 2019ರಿಂದ ಮೂರು ವರ್ಷ ಕಾಡಿನಲ್ಲಿ ಒಂದು ಮರಿಯೂ ಹುಟ್ಟಲಿಲ್ಲ.

2021ರಲ್ಲಿ ನ್ಯಾಯಾಲಯದ ಆದೇಶದ ಮೇರೆಗೆ ತೋಳಗಳನ್ನು ಬಿಡುವ ಕಾರ್ಯ ಮತ್ತೆ ಆರಂಭವಾಯಿತು. 2022ರ ಏಪ್ರಿಲ್‌ನಲ್ಲಿ ಆರು ಮರಿಗಳು ಹುಟ್ಟಿದವು. ಸುಮಾರು 50 ಮೃಗಾಲಯ ಮತ್ತು ಕೇಂದ್ರಗಳಲ್ಲಿ 250ಕ್ಕೂ ಹೆಚ್ಚು ತೋಳಗಳನ್ನು ಉಳಿಸಿಕೊಂಡಿದ್ದುದರಿಂದಲೇ ಇದು ಸಾಧ್ಯವಾಯಿತು. ಕಾಡಿನ ಸಂಖ್ಯೆ ಇನ್ನೂ ಐವತ್ತನ್ನು ಮುಟ್ಟಿಲ್ಲ. ಕೊಯೋಟ್‌ನಿಂದ ಬೇರೆಯಾಗಿ ಗುರುತಿಸಲು ಈಗ ತೋಳಗಳ ಕೊರಳಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಲಾಗುತ್ತಿದೆ. ತೋಳಕ್ಕೆ ಜಾಗ ಕೊಡಲು ಒಪ್ಪುವ ಭೂಮಾಲೀಕರಿಗೆ ಜಮೀನಿನ ವನ್ಯಜೀವಿ ನೆಲೆಯನ್ನು ಸುಧಾರಿಸಲು ನೆರವು ನೀಡುವ ಯೋಜನೆಯೂ ಜಾರಿಗೆ ಬಂದಿದೆ.

ಗಮನಿಸಬೇಕಾದ ಅಂಶ

ಸಂರಕ್ಷಣೆಯಲ್ಲಿ ತಳಿ ಬೆಳೆಸುವುದು ಬೀಜದ ಕಣಜವಿದ್ದಂತೆ. ಕಣಜ ತುಂಬಿದ್ದ ಮಾತ್ರಕ್ಕೆ ಪೈರು ಬಂದಂತಾಗುವುದಿಲ್ಲ, ಬಿತ್ತಲು ಹದವಾದ ಹೊಲವೂ ಬೇಕು. ಕೆಂಪು ತೋಳಕ್ಕೆ ಆ ಹೊಲ ಬಹುಮಟ್ಟಿಗೆ ರೈತರ ಜಮೀನು. ಹದಿನಾಲ್ಕು ಪ್ರಾಣಿಗಳಿಂದ ಒಂದು ವಂಶವನ್ನು ವಿಜ್ಞಾನ ಉಳಿಸಿತು. ಅದು ಮುಂದೆ ಕಾಡಿನಲ್ಲಿ ಬಾಳುವುದು ನೆರೆಯ ಬೇಸಾಯಗಾರರ ಒಪ್ಪಿಗೆಯನ್ನು ಅವಲಂಬಿಸಿದೆ.