ಔರಾದ್ ಕಿಟಕಿಯ ಹದಿನೈದು ಅಂಕಿ

ಜೂನ್ ತಿಂಗಳ ಬೆಳಗು. ಬೀದರ್‌ನಿಂದ ಸಂತಪುರ ದಾಟಿ ಬಂದ ಬಸ್ಸು ಔರಾದ್ ನಿಲ್ದಾಣದಲ್ಲಿ ಮಂದಿಯನ್ನು ಇಳಿಸುತ್ತದೆ. ಸೋಯಾಬೀನ್, ಹೆಸರು, ಉದ್ದು ಬಿತ್ತುವ ಕಾಲ. ಒಂದು ಹದಮಳೆ ಬಿದ್ದರೆ ದುಡಿಯುವ ಆಳು ಹೊಲ ಬಿಟ್ಟು ಕದಲುವಂತಿಲ್ಲ. ಶಾಲೆ-ಕಾಲೇಜಿನ ಪ್ರವೇಶವೂ ಇದೇ ಹೊತ್ತಿಗೆ ಬರುತ್ತದೆ. ತಹಸೀಲ್ ಕಚೇರಿಯ ಕಿಟಕಿಯ ಮುಂದೆ ಧೋತರದ ಮುದುಕರು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಅವುಚಿಕೊಂಡ ತಾಯಂದಿರು, ಪಿಯುಸಿ ಮುಗಿಸಿದ ಹುಡುಗರು. ಚೀಲದೊಳಗೆ ಆಧಾರ್, ರೇಷನ್ ಕಾರ್ಡು, ಟಿ.ಸಿ., ಪಹಣಿ. ಸಾಲಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಲೆತ ಮಾತು. "ಕಾಕಾ, ರಸೀದಿ ತಗೊಂಡ್ರಿ? ಮೊಬೈಲಿಗಿ ನಂಬರ್ ಬಂತೇನ್ರಿ?" ಎಂದು ಹುಡುಗನೊಬ್ಬ ಹಿರಿಯರನ್ನು ವಿಚಾರಿಸುತ್ತಾನೆ.

ಆ ನಂಬರಿಗೂ ಈ ಊರಿಗೂ ಹಳೆಯ ನಂಟು. ಸೇವೆಗೆ ಗಡುವು ಕಟ್ಟುವ ಕಾಯ್ದೆಯನ್ನು ಕರ್ನಾಟಕ 2011ರಲ್ಲಿ ಮಾಡಿತು. 'ಸಕಾಲ' ಎಂಬ ಹೆಸರಿನಲ್ಲಿ ಅದರ ಪ್ರಯೋಗ 2012ರ ಮಾರ್ಚ್ 1ರಂದು ನಾಲ್ಕು ತಾಲ್ಲೂಕುಗಳಲ್ಲಿ ಆರಂಭವಾಯಿತು: ಧಾರವಾಡ, ಚಿತ್ರದುರ್ಗ, ಪುತ್ತೂರು ಮತ್ತು ಔರಾದ್. ಮರುತಿಂಗಳು, ಏಪ್ರಿಲ್ 2ರಂದು, 11 ಇಲಾಖೆಗಳ 151 ಸೇವೆಗಳೊಂದಿಗೆ ಇಡೀ ರಾಜ್ಯಕ್ಕೆ ಹಬ್ಬಿತು. ಇಂದು ಆ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ಸೇವೆಗಳಿವೆ. ರಾಜ್ಯದ ನೆತ್ತಿಯಲ್ಲಿ, ಮಹಾರಾಷ್ಟ್ರ-ತೆಲಂಗಾಣಗಳಿಗೆ ಒತ್ತಿಕೊಂಡಿರುವ ಈ ತಾಲ್ಲೂಕಿಗೆ ಸಾಮಾನ್ಯವಾಗಿ ಎಲ್ಲವೂ ಕೊನೆಗೆ ತಲುಪುತ್ತದೆ. ಇದೊಂದು ಮಾತ್ರ ಮೊದಲು ತಲುಪಿತು.

ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆ. ಯಾವ ದಿನದೊಳಗೆ ಕೆಲಸ ಆಗಬೇಕೆಂಬುದು ರಸೀದಿಯ ಮೇಲೆಯೇ ಅಚ್ಚಾಗಿರುತ್ತದೆ. ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಪರಿಹಾರ. ಅದು ತಡಮಾಡಿದವರ ಸಂಬಳದಿಂದ ಹೋಗಬೇಕು. ಹಣ ಸಣ್ಣದು. ನನಗೆ ದೊಡ್ಡದಾಗಿ ಕಾಣುವುದು ಬೇರೆ: ಗ್ರಾಮ ಲೆಕ್ಕಿಗರಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ಶಿರಸ್ತೇದಾರರಿಗೆ, ತಹಸೀಲ್ದಾರರಿಗೆ ಹೋಗುವ ಕಾಗದ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂಬುದು ಮೊದಲ ಸಲ ಕಣ್ಣಿಗೆ ಬಿತ್ತು. ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಕಲಿಸಿದ್ದೂ ಇಂಥದ್ದನ್ನೇ. ಕೆಲಸ ಕೆಟ್ಟರೆ ಆಳನ್ನು ಬೈಯುವ ಮುನ್ನ ಕೆಲಸದ ದಾರಿಯನ್ನು ಅಳೆದು ನೋಡಿ ಎಂದರು ಅವರು.

ಬೀದರ್ ನಗರದಲ್ಲಿ ಈ ದಾರಿ ಇನ್ನೂ ಉದ್ದ. ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಜಮೀನಿನ ಮೂಲ ಹುಡುಕಿದವರು ಕೊನೆಗೆ ನಿಲ್ಲುವುದು ಉರ್ದು ಬರಹದ ಹಳದಿ ಹಾಳೆಗಳ ಮುಂದೆ, 1954-55ರ ಖಾಸರಾ ಪಹಣಿಯ ಮುಂದೆ. ಅದನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. 'ಭೂಮಿ' ಯೋಜನೆ ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಮೊದಲು ಬಂದ ಮುಟೇಶನ್ ಅರ್ಜಿಗೆ ಮೊದಲ ಸರದಿ ಎಂಬ ನಿಯಮವನ್ನು ಯಂತ್ರದೊಳಗೇ ಕೂಡಿಸಿತು. ಹಿಂದಿನವನ ಕಾಗದ ಮುಂದೆ ಸರಿಸುವ ಕೈಗೆ ಅಲ್ಲಿ ಎಡೆಯಿಲ್ಲ. ಇದು ಬಹಳ ಒಳ್ಳೆಯ ಕೆಲಸ. ಆದರೆ ಉರ್ದು ಹಾಳೆಯನ್ನು ಓದಿ ಹೇಳುವ ಮನುಷ್ಯನಿಗಾಗಿ ಕಾಯುವ ದಿನಗಳು ಯಾವ ಗಡುವಿನ ಲೆಕ್ಕಕ್ಕೂ ಬರುವುದಿಲ್ಲ. ಸಹಾಯಕ ಆಯುಕ್ತರ ಕಚೇರಿಯಲ್ಲಿ ಇನ್ನೊಂದು ಸಾಲು. 371(ಜೆ) ಪ್ರಮಾಣಪತ್ರಕ್ಕೆ ಬಂದ ಯುವಕ-ಯುವತಿಯರದು. 2012ರ ಸಂವಿಧಾನ ತಿದ್ದುಪಡಿ ಈ ಭಾಗದವರಿಗೆ ಕೊಟ್ಟ ನೌಕರಿಯ ಹಕ್ಕು ಆ ಒಂದು ಹಾಳೆಯ ಮೇಲೆ ನಿಂತಿದೆ. ನೇಮಕಾತಿಯ ಕೊನೆಯ ದಿನಾಂಕ ಯಾರಿಗೂ ಕಾಯುವುದಿಲ್ಲ.

ಭಾಲ್ಕಿಗೆ ಬಂದರೆ ಮಾತು ಬೇರೆ ತಿರುವು ತೆಗೆದುಕೊಳ್ಳುತ್ತದೆ. ಬೀದರ್‌ನಿಂದ ಭಾಲ್ಕಿ, ಕಮಲನಗರ ದಾಟಿ ಮಹಾರಾಷ್ಟ್ರದ ಉದಗೀರಕ್ಕೆ ಓಡುವ ರೈಲು ಎಷ್ಟೋ ಮನೆತನಗಳ ಬೀಗತನದ ದಾರಿಯೂ ಹೌದು. ಉದಗೀರದಿಂದ ಇಲ್ಲಿಗೆ ಮದುವೆಯಾಗಿ ಬಂದ ಹೆಣ್ಣುಮಗಳ ಟಿ.ಸಿ. ಮರಾಠಿಯಲ್ಲಿ, ಆಧಾರ್ ಕನ್ನಡದಲ್ಲಿ. ಅಡ್ಡಹೆಸರು ಒಂದರಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಜಾತಿ ಪ್ರಮಾಣಪತ್ರಕ್ಕೆ ತಂದೆಯ ಕಡೆಯ ದಾಖಲೆಯೇ ಆಧಾರ, ಅದು ಗಡಿಯಾಚೆ. ಅರ್ಜಿ ತಿರಸ್ಕೃತ. ಸಕಾಲದ ಲೆಕ್ಕದಲ್ಲಿ ಇದೂ 'ಗಡುವಿನೊಳಗೆ ವಿಲೇವಾರಿ'. ಅವಳ ಲೆಕ್ಕದಲ್ಲಿ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಮತ್ತೆ ಹೊಸ ರಸೀದಿ.

ಇಲ್ಲಿಯೇ ನನ್ನ ಆಗ್ರಹವಿದೆ. ದಿನಗಳನ್ನು ಎಣಿಸಲು ಕಲಿತ ಕಚೇರಿ ಇನ್ನು ಮರಳಿ ಬಂದವರನ್ನು ಎಣಿಸಬೇಕು. ಮೊದಲ ಸಲಕ್ಕೇ ಕೆಲಸ ಮುಗಿದವರು ಎಷ್ಟು, ಯಾವ ಕಾರಣಕ್ಕೆ ಎಷ್ಟು ಅರ್ಜಿ ಬಿದ್ದವು ಎಂದು ಪ್ರತಿ ನಾಡಕಚೇರಿ ತಿಂಗಳಿಗೊಮ್ಮೆ ಬರೆದು ತೂಗುಹಾಕಬೇಕು. ಹೆಚ್ಚು ಅರ್ಜಿ ಬೀಳುವ ಕಾರಣಗಳು ಮೂರೋ ನಾಲ್ಕೋ ಇರುತ್ತವೆ. ಅವನ್ನು ಹಿಡಿದರೆ ಸಾಲು ತಾನಾಗಿ ಕರಗುತ್ತದೆ. ಅರ್ಜಿ ಪಡೆಯುವ ಕಿಟಕಿಯಲ್ಲೇ ಕಾಗದಗಳನ್ನು ಒಂದೊಂದಾಗಿ ನೋಡಿ, ಕೊರತೆಯನ್ನು ಅಲ್ಲಿಯೇ ಹೇಳಿ ಕಳಿಸಬೇಕು. ಗಡಿಯಾಚೆಯಿಂದ ಬಂದವರು ತರಬೇಕಾದ ದಾಖಲೆಗಳ ಪಟ್ಟಿ ಕನ್ನಡದಲ್ಲೂ ಮರಾಠಿಯಲ್ಲೂ ಗೋಡೆಯ ಮೇಲೆ ಇರಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ತಹಸೀಲ್ದಾರರ ಒಂದು ಸುತ್ತೋಲೆ ಸಾಕು.