ಊರಿಗೊಂದು ಎಫ್‌ಎಂ, ದನಿಗೊಂದು ಧಾಟಿ

ಎಫ್‌ಎಂ ಬಾನುಲಿ ಸ್ವಭಾವದಿಂದಲೇ ಸ್ಥಳೀಯ. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಅದರ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಮೀಡಿಯಂ ವೇವ್‌ನಂತೆ ರಾತ್ರಿ ಹೊತ್ತು ನೂರಾರು ಕಿಲೋಮೀಟರ್ ಹಬ್ಬುವುದಿಲ್ಲ, ಗುಡ್ಡ ಅಡ್ಡ ಬಂದರೆ ಕುಗ್ಗುತ್ತವೆ. ತಲುಪುವಷ್ಟು ದೂರದಲ್ಲಿ ಮಾತ್ರ ಗೊರಗೊರ ಸದ್ದಿಲ್ಲದ ತಿಳಿಯಾದ ಧ್ವನಿ ಸಿಗುತ್ತದೆ.

ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ನೀಡಿತು. ಆ ಬಳಿಕ ಎಫ್‌ಎಂ ಖಾಸಗಿಯವರಿಗೂ ತೆರೆದುಕೊಂಡು, ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ರೇಡಿಯೋ ಸಿಟಿ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಆರಂಭವಾಯಿತು. ಪರವಾನಗಿ ಹಂಚಿಕೆಯ ಮುಂದಿನ ಹಂತದಲ್ಲಿ ಮೈಸೂರು, ಮಂಗಳೂರು, ಕಲಬುರಗಿಗೂ ಖಾಸಗಿ ಕೇಂದ್ರಗಳು ಬಂದವು.

ಖಾಸಗಿ ಕೇಂದ್ರಕ್ಕೆ ಜಾಹೀರಾತೇ ಜೀವಾಳ. ಹಾಗಾಗಿ ಯಾರನ್ನು ಕೇಳುಗರನ್ನಾಗಿ ಹಿಡಿಯಬೇಕು ಎಂಬುದೇ ಅದರ ಧಾಟಿಯನ್ನು ಗೊತ್ತುಮಾಡುತ್ತದೆ. ಹೊಸ ಚಿತ್ರಗೀತೆ, ಹಳೆಯ ಚಿತ್ರಗೀತೆ, ಹಿಂದಿ ಹಾಡು, ರೇಡಿಯೋ ಇಂಡಿಗೋದಂತೆ ಇಂಗ್ಲಿಷ್ ಸಂಗೀತ, ಹೀಗೆ ಒಂದೊಂದು ಕೇಂದ್ರ ಒಂದೊಂದನ್ನು ನೆಚ್ಚಿಕೊಳ್ಳುತ್ತದೆ. ಯಾವ ನಿಮಿಷಕ್ಕೆ ಹಾಡು, ಎಲ್ಲಿ ಜಾಹೀರಾತು, ನಿರೂಪಿಸುವ ಆರ್‌ಜೆ ಎಷ್ಟು ಹೊತ್ತು ಮಾತಾಡಬೇಕು ಎಂಬುದನ್ನೆಲ್ಲ ಗಂಟೆಗಂಟೆಗೂ ಮೊದಲೇ ಹೊಂದಿಸಿಟ್ಟಿರುತ್ತಾರೆ. ಬೆಳಿಗ್ಗೆ ಕಚೇರಿಗೆ ಹೊರಟವರಿಗೆ ಚುರುಕು ಹಾಡು, ಟ್ರಾಫಿಕ್ ಸುದ್ದಿ, ತಮಾಷೆಯ ಫೋನ್ ಕರೆ. ರಾತ್ರಿ ನಿಧಾನಗತಿಯ ಹಾಡು, ಕೇಳುಗರ ಮನದ ಮಾತು. ಇಷ್ಟೆಲ್ಲ ಇದ್ದರೂ ಸ್ವಂತ ಸುದ್ದಿ ಓದಲು ಇವುಗಳಿಗೆ ಅನುಮತಿಯಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು, ಅಷ್ಟೇ. ಊರಿನ ನಾಡಿ ಬಲ್ಲ ಮಾಧ್ಯಮವೊಂದಕ್ಕೆ ಊರಿನ ಸುದ್ದಿ ಹೇಳುವ ಹಕ್ಕಿಲ್ಲದಿರುವುದು ದೊಡ್ಡ ಕೊರತೆಯೇ ಸರಿ.

ಮಾರುಕಟ್ಟೆ ಮುಟ್ಟದ ಕೆಲಸಗಳನ್ನು ಆಕಾಶವಾಣಿ ಮಾಡುತ್ತಾ ಬಂದಿದೆ. ಬೆಂಗಳೂರಿನಲ್ಲಿ 102.9ರ ವಿವಿಧ ಭಾರತಿ, 101.3ರ ರೈನ್‌ಬೋ ಜನಪ್ರಿಯ ಹಾಡುಗಳ ಕೇಂದ್ರಗಳಾದರೆ, ಶಾಸ್ತ್ರೀಯ ಸಂಗೀತಕ್ಕೆಂದೇ 100.1ರಲ್ಲಿ ಅಮೃತವರ್ಷಿಣಿ ಹುಟ್ಟಿತು. ರಾಗವೊಂದನ್ನು ಅರ್ಧ ಗಂಟೆ ವಿಸ್ತರಿಸುವ ಗಾಯಕರಿಗೆ ನಡುವೆ ಜಾಹೀರಾತು ತುರುಕುವ ಕೇಂದ್ರದಲ್ಲಿ ಜಾಗ ಸಿಗುವುದು ಕಷ್ಟ. ಮಡಿಕೇರಿ ಕೇಂದ್ರ ಕನ್ನಡದ ಜೊತೆಗೆ ಕೊಡವ ಭಾಷೆಗೂ ಸಮಯ ಕೊಡುತ್ತದೆ.

ಮೂರನೆಯ ಬಗೆ ಸಮುದಾಯ ಬಾನುಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಆರಂಭವಾದ ‘ನಮ್ಮ ಧ್ವನಿ’ಯ ಕಥೆ ಇಲ್ಲಿ ಮುಖ್ಯ. ಆಗ ಹಳ್ಳಿಯ ಗುಂಪುಗಳಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲ. ಊರಿನವರು ಅದಕ್ಕಾಗಿ ಕಾಯುತ್ತ ಕೂರದೆ ಕಾರ್ಯಕ್ರಮಗಳನ್ನು ತಾವೇ ಧ್ವನಿಮುದ್ರಿಸಿಕೊಂಡು ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪಿಸಿದರು. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ತೆರೆದ ಬಾಗಿಲು, 2006ರ ನೀತಿಯಿಂದ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು.

ಇಂಥ ಕೇಂದ್ರದ ಪ್ರಸಾರ ಸಾಮರ್ಥ್ಯ ಸಾಮಾನ್ಯವಾಗಿ 100 ವ್ಯಾಟ್‌ಗೆ ಸೀಮಿತ. ಸುಮಾರು ಹತ್ತು ಕಿಲೋಮೀಟರ್ ಆಸುಪಾಸಿನಲ್ಲಷ್ಟೇ ಚೆನ್ನಾಗಿ ಕೇಳುತ್ತದೆ. ಈ ಮಿತಿಯೇ ಅದರ ಶಕ್ತಿಯೂ ಹೌದು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆ ನಡೆಸುವ 107.8ರ ರೇಡಿಯೋ ಸಾರಂಗ್‌ನಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳೂ ಮಾತಾಡುತ್ತವೆ. ಮೀನುಗಾರರು, ರೈತರು, ಆಶಾ ಕಾರ್ಯಕರ್ತೆಯರಂಥವರು ಇಂಥ ಕೇಂದ್ರಗಳಿಗೆ ಕೇಳುಗರಷ್ಟೇ ಅಲ್ಲ, ಮೈಕಿನ ಮುಂದೆ ಕೂರುವವರೂ ಹೌದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯವಾಗಿಯೇ ತಯಾರಾಗಬೇಕೆಂದು ನಿಯಮವೇ ಹೇಳುತ್ತದೆ.